ಎಮ್ಮೆ ಹಾಡಿನ ನಾಲ್ಕನೆಯ ಚರಣ

ಜನವರಿ ೫, ಭಾನುವಾರ. ಮಾತು ಬಿಟ್ಟು ಮೊದಲನೆಯ ದಿನ.

ಇದು ನನ್ನ ಹೊಲಿಗೆ ಅಂಗಡಿಯ ಅಳತೆ ಪುಸ್ತಕ. ಮುಂದಿನ ಪುಟಗಳಲ್ಲಿ ಶಹಾಬಾದಿನ ಅರ್ಧ ಊರಿನ ಹೆಂಗಸರ ತೋಳು, ಸೊಂಟ, ಕುತ್ತಿಗೆ ಇವೆ. ಹಿಂದಿನ ಪುಟಗಳಲ್ಲಿ ಇವತ್ತಿನಿಂದ ನನ್ನ ಸಿಟ್ಟು ಇರುತ್ತದೆ. ಬಾಯಿಬಿಟ್ಟು ಹೇಳಿದರೆ ಜನ ನಗುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸೇಡಂದಲ್ಲಿ ನಾಟಕ ಕಂಪನಿ ಮೊಕ್ಕಾಂ ಮಾಡಿದೆ. ನಾಟಕದ ಹೆಸರು ‘ಹಗ್ಗ ಹರಿದ ಗೌರಿ ಅರ್ಥಾತ್ ಗಂಡ ಕಲಿತ ಬುದ್ಧಿ’. ಇದೇ ನಾಟಕವನ್ನು ಇದೇ ಕಂಪನಿಯವರು ಇಪ್ಪತ್ತಾರು ವರ್ಷದ ಹಿಂದೆ ವಾಡಿಯಲ್ಲಿ ಆಡಿದ್ದರು. ನನಗೆ ಆಗಷ್ಟೇ ಮದುವೆಯಾಗಿತ್ತು. ಮೂರು ಗಂಟೆಯ ಆಟಕ್ಕೆ ಹೋಗಿದ್ದೆವು. ಹೊರಗೆ ಬರುವಾಗ ನನ್ನ ಚಪ್ಪಲಿ ಕಿತ್ತು, ಗಾಡಿ ತಪ್ಪಿ, ಇವರು ನನ್ನನ್ನು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿ ಬೈದದ್ದು ನೆನಪಿದೆ. ಆದರೆ ಅದಕ್ಕಿಂತ ಹೆಚ್ಚು ನೆನಪಿರುವುದು ಆ ನಾಟಕದ ಎಮ್ಮೆ ಹಾಡು.

ಸಿಡುಕ ಗಂಡಸೊಬ್ಬ ತನ್ನ ಎಮ್ಮೆಗೆ ದಿನಾ ಬೈಯುತ್ತಾನೆ. ಅದು ಹಗ್ಗ ಹರಿದುಕೊಂಡು ಹೋಗುತ್ತದೆ. ಆಮೇಲೆ ಅವನು ಊರೂರು ಹುಡುಕುತ್ತ ಹಾಡುತ್ತಾನೆ:

ಎಲ್ಲಿ ಹೋದಿ ನನ್ನ ಗೌರಿ, ಕೊಟಗಿ ಬಿಕೊ ಅಂತ
ಕರಿ ಬಣ್ಣ ನೀ ಒಯ್ದ ಮ್ಯಾಲ ಕತ್ತಲಿ ಬೆಳ್ಳಗಾತ

ಈ ಹಾಡಿಗೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನು ಅಳುತ್ತೇನೆ. ಇಪ್ಪತ್ತಾರು ವರ್ಷದಿಂದ ಮಿಷನ್ ತುಳಿಯುವಾಗೆಲ್ಲ ಇದನ್ನೇ ಗುನುಗುತ್ತೇನೆ. ಒಬ್ಬ ಗಂಡಸು ಒಂದು ಎಮ್ಮೆಗೆ ಇಷ್ಟೆಲ್ಲ ಹೇಳುತ್ತಾನೆ. ನನಗೆ ಈ ಮನೆಯಲ್ಲಿ ‘ಅನ್ನ ಮುದ್ದಿ ಆಗ್ಯಾದ’ ಎಂಬುದಕ್ಕಿಂತ ಉದ್ದದ ಮಾತು ಬಂದಿಲ್ಲ.

ಇವತ್ತು ಇವರನ್ನೂ ಅತ್ತೆಯನ್ನೂ ಕರೆದುಕೊಂಡು ಹೋದೆ. ಹಾಡು ಶುರುವಾಯಿತು, ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಇವರು ನನ್ನ ಕುರ್ಚಿಯ ಬೆನ್ನಿಗೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದು, ನಾಲ್ಕು ಸಾಲಿಗೆ ಕೇಳುವಂತೆ, “ಎಮ್ಮಿ ಸಿಗತದ ತಡಿ, ಅಳಬ್ಯಾಡ” ಎಂದರು. ನಾಲ್ಕು ಸಾಲೂ ನಕ್ಕವು.

ಅದೂ ಸಾಲದೆಂದು ಕಂಪನಿಯವರು ಮೂರು ಚರಣ ಹಾಡಿ ನಿಲ್ಲಿಸಿಬಿಟ್ಟರು. ನಾಲ್ಕನೆಯ ಚರಣವೇ ಈ ಹಾಡಿನ ಜೀವ. ಅದನ್ನೇ ನುಂಗಿದರು. ಗಾಡಿಯಲ್ಲಿ ಚಿತ್ತಾಪುರ ದಾಟಿದರೂ ನಾನು ಮಾತಾಡಲಿಲ್ಲ, ವಾಡಿ ದಾಟಿದರೂ ಆಡಲಿಲ್ಲ. ಇನ್ನು ಆಡುವುದೂ ಇಲ್ಲ.

ಜನವರಿ ೭, ಮಂಗಳವಾರ. ಮೂರನೆಯ ದಿನ.

ಮಾತೆಲ್ಲ ಅತ್ತೆಯ ಮೂಲಕ ನಡೆದಿದೆ. ಅತ್ತೆ ಭೀಮಮ್ಮನಿಗೆ ಎಪ್ಪತ್ತೆಂಟು. ಇಬ್ಬರ ನಡುವೆ ಕುಳಿತು ಅಡಿಕೆ ಕುಟ್ಟುತ್ತಾಳೆ.

“ಅತ್ತೀ, ಊಟ ಆಗ್ಯಾದ ಅಂತ ಹೇಳ್ರಿ ಅವರಿಗೆ.”

“ಕೇಳ್ಸ್ಯಾದ ಅವನಿಗೆ. ಕಿವಿ ಅವ.”

“ಅವ್ವ, ಇವತ್ತ ಊಟ ಒಲ್ಲೆ, ಅಡ್ಡಾದಾಗ ಮಿರ್ಚಿ ತಿಂದೀನಿ ಅಂತ ಹೇಳು ಆಕಿಗೆ.”

“ನಾ ಏನು ಟೇಸನ್ ಮಾಸ್ತರ ಇದ್ದೀನೇನು, ಆ ಕಡೆ ಈ ಕಡೆ ಗಾಡಿ ಬಿಡಲಾಕ?”

ಇವರ ಹೆಸರು ಅಮರನಾಥ. ಕಲ್ಲು ಪಾಲಿಶ್ ಮಾಡುವ ಅಡ್ಡಾದಲ್ಲಿ ಪರ್ಸಿ ಕಲ್ಲು ಆರಿಸುವ ಕೆಲಸ. ಪ್ರತಿ ಹಾಸುಗಲ್ಲಿಗೂ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾರೆ. ಠಣ್ ಎಂದರೆ ಒಳ್ಳೆಯದು, ಢಬ್ ಎಂದರೆ ಒಳಗೆ ಬಿರುಕಿದೆ. ಆ ಚಟ ಮನೆಗೂ ಬಂದಿದೆ. ಕಲ್ಲಂಗಡಿ, ಕೊಡ, ಕಪಾಟು ಎಲ್ಲಕ್ಕೂ ಬಡಿಯುತ್ತಾರೆ. ನನ್ನನ್ನು ನೋಡಲು ಬಂದ ದಿನ ನಮ್ಮಪ್ಪನ ತಲಬಾಗಿಲಿಗೆ ಬಡಿದು “ಇದರಾಗ ಹುಳ ಅದಾವರಿ” ಎಂದಿದ್ದರು. ಹುಳ ಇದ್ದವು, ಆ ಮಾತು ಬೇರೆ.

ಇಷ್ಟು ಸೂಕ್ಷ್ಮ ಕಿವಿಯ ಮನುಷ್ಯನಿಗೆ ಒಂದು ಹಾಡು ಕೇಳಿಸುವುದಿಲ್ಲ.

ಜನವರಿ ೧೨, ಭಾನುವಾರ. ಎಂಟನೆಯ ದಿನ.

ಒಬ್ಬಳೇ ಸೇಡಂಗೆ ಹೋದೆ. ಆಟಕ್ಕೆ ಮುಂಚೆ ನೇರ ರಂಗದ ಹಿಂದೆ ನುಗ್ಗಿದೆ. ಕಂಪನಿ ಮಾಲೀಕ ದೇವೀಂದ್ರಪ್ಪ ಬನಿಯನ್ನಿನಲ್ಲಿ ಕುಳಿತು ಟಿಕೆಟ್ಟಿನ ಪುಸ್ತಕಕ್ಕೆ ಮುದ್ರೆ ಒತ್ತುತ್ತಿದ್ದರು. ಎಮ್ಮೆ ಹಾಡು ಹಾಡುವ ಜಟ್ಟೆಪ್ಪ ಹಲ್ಲಿನ ಸೆಟ್ಟು ತೆಗೆದು ಲೋಟದಲ್ಲಿ ಇಟ್ಟು, ರೊಟ್ಟಿಯನ್ನು ಸಾರಿನಲ್ಲಿ ನೆನೆಸುತ್ತಿದ್ದರು. ಎಪ್ಪತ್ತು ದಾಟಿದೆ. ವಾಡಿಯಲ್ಲಿ ಹಾಡಿದ್ದೂ ಇವರೇ.

“ನಾಕನೇ ಚರಣ ಯಾಕ ನುಂಗಿದ್ರಿ?” ಎಂದು ಕೇಳಿದೆ.

ಅವರು ಹಲ್ಲು ಹಾಕಿಕೊಂಡು, “ನುಂಗಲಾಕ ಇದ್ದರಲ್ಲ ತಂಗಿ. ಮೂರೇ ಅವ” ಎಂದರು.

“ನಾಕು ಅವ. ನಾ ಇಪ್ಪತ್ತಾರು ವರ್ಷದಿಂದ ಹಾಡಾಕತ್ತೀನಿ.”

“ನಾ ನಲವತ್ತು ವರ್ಷದಿಂದ ಹಾಡಾಕತ್ತೀನಿ.”

ನಾಟಕದ ಕೈಬರಹದ ಪುಸ್ತಕ ತರಿಸಿದರು. ಎಣ್ಣೆ ಕುಡಿದು ಕಂದಾದ ಪುಟ. ಮೂರೇ ಇದ್ದವು. ಪುಟ ಹರಿದಿರಬೇಕು ಎಂದೆ. ಹರಿದಿಲ್ಲ ಎಂದು ದೇವೀಂದ್ರಪ್ಪ ನಂಬರು ತೋರಿಸಿದರು. ನನಗೆ ಮೈಯೆಲ್ಲ ಉರಿಯಿತು. ಹಾರ್ಮೋನಿಯಂ ಪೇಟಿಯ ಮಾಸ್ತರರಿಗೆ ಸ್ವರ ಕೊಡಿ ಎಂದು ಹೇಳಿ ಅಲ್ಲೇ ನಿಂತು ಹಾಡಿದೆ:

ಬೈದ ಬಾಯಿ ನಂದೇ ಗೌರಿ, ಹುಡುಕೊ ಕಾಲೂ ನಂದೇ
ಮಾರಿ ತಿರುವಿ ಕುಂತು ನೀನು ಊಟ ಒಲ್ಲೆ ಅಂದೆ
ಒಮ್ಮೆ ಹೊಳ್ಳಿ ನೋಡ ಸಾಕ, ಹಗ್ಗ ತಗೊಂಡು ಬಂದೆ
ನಿನ್ನ ಕೊರಳಿಗಲ್ಲ ಗೌರಿ, ನನ್ನ ಕೊರಳಿಗೆಂದೆ

ಜಟ್ಟೆಪ್ಪ ರೊಟ್ಟಿ ಬಿಟ್ಟು ನೋಡಿದರು. “ಇದು ನಮ್ಮ ಹಾಡಿಗಿಂತ ಚಲೋ ಅದ. ಆದ್ರ ನಮ್ದಲ್ಲವ್ವ. ನಾ ಇದನ್ನ ಯಾವತ್ತೂ ಹಾಡಿಲ್ಲ.”

ಸುಳ್ಳು. ಮುದುಕರಿಗೆ ಮರೆವು.

ಆಮೇಲೆ ದೇವೀಂದ್ರಪ್ಪ ಇನ್ನೊಂದು ಬಾಂಬು ಹಾಕಿದರು. ಜಟ್ಟೆಪ್ಪನ ಗಂಟಲು ಕೈಕೊಡುತ್ತಿದೆ, ಹುಡುಗರು ಡ್ಯಾನ್ಸು ಕೇಳುತ್ತಾರೆ, ಮುಂದೆ ನಮ್ಮ ಶಹಾಬಾದದ ಮೊಕ್ಕಾಂ ಆದಮೇಲೆ ಎಮ್ಮೆ ಹಾಡನ್ನೇ ತೆಗೆಯುತ್ತಾರಂತೆ. ಮೇಲಾಗಿ ಎಮ್ಮೆಯೂ ಹಾಳಾಗಿದೆ. ಕರಿ ಕಂಬಳಿಯೊಳಗೆ ಇಬ್ಬರು ಬಗ್ಗಿ ನಡೆಯುವ ಎಮ್ಮೆ ಅದು. ತೂತಿನಲ್ಲಿ ಹಿಂದಿನವನ ಚಡ್ಡಿ ಕಾಣುತ್ತದೆ.

ನಾನು ಅಲ್ಲೇ ಕರಾರು ಮಾಡಿದೆ. ಹೊಸ ಎಮ್ಮೆ ನಾನು ಹೊಲಿದು ಕೊಡುತ್ತೇನೆ. ಬದಲಿಗೆ ಶಹಾಬಾದದ ಮೊದಲ ಆಟದಲ್ಲಿ ನಾಲ್ಕನೆಯ ಚರಣ ಹಾಡಬೇಕು. ಒಂದೇ ಸಲ ಸಾಕು. ಆ ಮಾತನ್ನು ದೀಪದ ಬೆಳಕಿನಲ್ಲಿ, ಪೇಟಿಯ ಜೊತೆಗೆ, ಒಬ್ಬ ಗಂಡಸಿನ ಬಾಯಿಂದ ಇನ್ನೊಂದು ಸಲ ಕೇಳಬೇಕು ನನಗೆ. ಕೇಳದೆ ಆ ಹಾಡು ಹೋಗಿಬಿಟ್ಟರೆ ನನ್ನದೇನೋ ಹೋದಂತೆ. ಜಟ್ಟೆಪ್ಪ ಚರಣವನ್ನು ಚೀಟಿಯಲ್ಲಿ ಬರೆದುಕೊಂಡರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಇವರು ಕಟ್ಟೆಯ ಮೇಲಿಂದ ಕೇಳಿಸಿಕೊಂಡರು.

“ಅವ್ವ, ಆ ನಾಕನೇ ಚರಣ ನಾಟಕದಾಗ ಇರಲಿಲ್ಲ ಅಂತ ಹೇಳು ಆಕಿಗೆ.”

“ಅತ್ತೀ, ಅವರು ಆವತ್ತ ನಿದ್ದಿ ಹೊಡದಿದ್ರು ಅಂತ ಹೇಳ್ರಿ.”

“ನಿದ್ದಿ ಹೊಡದಿಲ್ಲ. ಆ ಚರಣ—”

“ಅತ್ತೀ, ಬ್ಯಾಳಿ ಹತ್ತಾಕತ್ತದ, ನಾ ಒಳಗ ಹೋಗ್ತೀನಿ.”

ಬೇಳೆ ತಳ ಹತ್ತಿರಲಿಲ್ಲ. ಆದರೂ ಹೋದೆ.

ಜನವರಿ ೧೬, ಗುರುವಾರ. ಹನ್ನೆರಡನೆಯ ದಿನ.

ಚಿತ್ತಾಪುರದ ವಕೀಲರೊಬ್ಬರು ಕೋಟಿಗೆಂದು ತಂದು, ತೆಳ್ಳಗಿದೆ ಎಂದು ಬಿಟ್ಟುಹೋದ ಕರಿ ಬಟ್ಟೆ ಇತ್ತು. ಅದನ್ನೇ ಕತ್ತರಿಸಿದೆ. ಮುಂಗಾಲಿನವನ ಅಳತೆ ಫೋನಿನಲ್ಲಿ ಬಂತು. ಹಿಂಗಾಲಿನವನದು ಕೇಳಿದರೆ ದೇವೀಂದ್ರಪ್ಪ, “ಹಿಂದಿನ ಕಾಲಿಗೆ ಏನ್ ಅಳತಿರಿ, ಯಾರಾದ್ರೂ ಒಬ್ಬ ಗಂಡಸು” ಎಂದು ಫೋನು ಇಟ್ಟರು.

ಮನೆಯಲ್ಲಿ ಇರುವುದು ಒಬ್ಬರೇ ಗಂಡಸು.

“ಅತ್ತೀ, ಅವರಿಗೆ ಬಗ್ಗಲಾಕ ಹೇಳ್ರಿ.”

ಬಗ್ಗಿದರು.

“ಅತ್ತೀ, ಇನ್ನೂ ಬಗ್ಗಬೇಕು. ಮೊಳಕಾಲ ಮಡಚಬೇಕು.”

“ಅವ್ವ, ಬಾಲ ಎಲ್ಲಿ ಬರ್ತದ ಕೇಳು.”

“ಅತ್ತೀ, ಬಾಲ ಎಲ್ಲಿ ಬರ್ತದೋ ಅಲ್ಲೇ ಬರ್ತದ ಅಂತ ಹೇಳ್ರಿ.”

ಅತ್ತೆ ಅಡಿಕೆ ಕುಟ್ಟುವ ಕಲ್ಲು ಬಿಟ್ಟು ಮುಖ ಗೋಡೆಗೆ ತಿರುಗಿಸಿ ಕುಳಿತಳು. ಭುಜ ಅಲುಗುತ್ತಿತ್ತು. ಇವರ ಸೊಂಟ ಎರಡು ಇಂಚು ಇಳಿದಿದೆ. ಅಡ್ಡಾದಲ್ಲಿ ಮಿರ್ಚಿ ತಿಂದು ಊಟ ಬಿಟ್ಟರೆ ಇನ್ನೇನಾಗುತ್ತದೆ. ನಾಳೆಯಿಂದ ಡಬ್ಬಿ ಕಟ್ಟಬೇಕು. ಇದು ಸಿಟ್ಟಿಗೆ ಸಂಬಂಧವಿಲ್ಲದ ವಿಷಯ.

ಜನವರಿ ೨೧, ಮಂಗಳವಾರ. ಹದಿನೇಳನೆಯ ದಿನ.

ಬೆಳಿಗ್ಗೆ ಮಿಷನ್ನಿನ ಮೇಲೆ ಅಂಗೈಯಗಲದ ಒಂದು ಪರ್ಸಿ ತುಂಡು ಇತ್ತು. ಇವರು ತೂತು ಕೊರೆದು ದಾರ ಪೋಣಿಸಿ, ಬಡಿಯಲು ಒಂದು ಚೂರು ಕಲ್ಲನ್ನೂ ಕಟ್ಟಿದ್ದರು. ಬಡಿದರೆ ಗಂಟೆಯ ನಾದ ಬರುತ್ತದೆ. ಎಮ್ಮೆಯ ಕೊರಳಿಗಂತೆ. ಅಡ್ಡಾದಲ್ಲಿ ಮೂರು ದಿನ ಮಧ್ಯಾಹ್ನದ ಬಿಡುವಿನಲ್ಲಿ ತುಂಡುಗಳನ್ನೆಲ್ಲ ಬಡಿದು ನೋಡಿ ಆರಿಸಿದರಂತೆ. ನಮ್ಮ ಹಾಡಿನ ಸ್ವರಕ್ಕೇ ಕೂಡಬೇಕೆಂದು ನನ್ನ ಗುನುಗನ್ನು ನೆನೆಸಿಕೊಂಡು ಹುಡುಕಿದರೆಂದು ಅತ್ತೆ ಹೇಳಿದಳು.

ಗುನುಗಿ ಬಡಿದು ನೋಡಿದೆ. ಸ್ವರ ಕೂಡುತ್ತದೆ. ಕಲ್ಲು ಸ್ವಲ್ಪ ಭಾರವಾಯಿತು.

ಜನವರಿ ೨೬, ಭಾನುವಾರ. ಇಪ್ಪತ್ತೆರಡನೆಯ ದಿನ.

ಕಂಪನಿ ಈಗ ಚಿಂಚೋಳಿಯಲ್ಲಿದೆ. ಸೇಡಂವರೆಗೆ ಗಾಡಿ, ಅಲ್ಲಿಂದ ಬಸ್ಸು. ಎಮ್ಮೆಯನ್ನು ಚೀಲದಲ್ಲಿ ತುಂಬಿದ್ದೆ, ತಲೆ ಮಾತ್ರ ಹಿಡಿಸಲಿಲ್ಲ. ಕಂಡಕ್ಟರು ಇದಕ್ಕೂ ಟಿಕೆಟ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿದ. ಪಕ್ಕದ ಸೀಟಿನ ತೆಲುಗು ಅಜ್ಜಿ ದಾರಿಯುದ್ದಕ್ಕೂ ಅದರ ಕೋಡು ಸವರುತ್ತ ಬಂದಳು.

ಎಲ್ಲರೂ ಹೊಗಳಿದರು. ವಕೀಲರ ಬಟ್ಟೆಯಾದ್ದರಿಂದ ಎಮ್ಮೆ ಈಗಲೇ ಎದ್ದು ವಾದ ಮಾಡುವಂತಿತ್ತು. ಮುಂಗಾಲಿನವನು ಸಲೀಸಾಗಿ ತೂರಿದ. ಹಿಂಗಾಲಿನ ಶರಣಕುಮಾರ ಪೈಲ್ವಾನನಂಥ ಆಸಾಮಿ. ಮೊಳಕಾಲಿನತನಕ ಹೋಗಿ ಸಿಕ್ಕಿಬಿದ್ದ. ಮೂವರು ಹಿಡಿದು ಎಳೆದೆವು.

ತಪ್ಪು ನನ್ನದೇ. ನಾನು ರವಿಕೆ ಹೊಲಿಯುವವಳು, ಮೈಗೆ ಕೂಡಿಸಿ ಹೊಲಿಯುವುದೇ ನನ್ನ ಹೆಸರು. ಎಮ್ಮೆಯ ಹಿಂಭಾಗವನ್ನೂ ಹಾಗೇ ಒಂದು ಬೆರಳೂ ಬಿಡದೆ ಹೊಲಿದಿದ್ದೇನೆ. ಬಿಚ್ಚಲು ಒಳಗೆ ಬಟ್ಟೆಯೇ ಇಲ್ಲ.

“ಯಾರ ಅಳತಿರಿ ಇದು?” ಎಂದು ದೇವೀಂದ್ರಪ್ಪ ಕೇಳಿದರು.

“ನಮ್ಮ ಮನಿಯವರದು.”

“ಹಂಗಾದ್ರ ಅವರನ್ನೇ ಕಳಸ್ರಿ. ಇಲ್ಲಂದ್ರ ಎಮ್ಮಿ ಇಲ್ಲ, ಎಮ್ಮಿ ಇಲ್ಲಂದ್ರ ಹಾಡಿಲ್ಲ.”

ಬಸ್ಸಿನಲ್ಲಿ ಬರುವಾಗ ಕಣ್ಣಲ್ಲಿ ನೀರು ಬಂತು. ಮಾತು ಬಿಟ್ಟ ಗಂಡನಿಗೆ ಎಮ್ಮೆಯಾಗು ಎಂದು ಹೇಗೆ ಕೇಳುವುದು?

ಜನವರಿ ೨೭, ಸೋಮವಾರ.

“ಅತ್ತೀ, ಎಮ್ಮಿ ಆಗ್ತಾರೇನು ಕೇಳ್ರಿ ಅವರಿಗೆ.”

ಅತ್ತೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದಳು. “ನನ್ನ ಮಗನಿಗೆ ನಾನೇ ಕೇಳಬೇಕಾ ಇದನ್ನ?”

ಇವರು ಚಹಾ ಕೆಳಗಿಟ್ಟು, “ಮುಂದಿನ ಕಾಲೋ, ಹಿಂದಿನ ಕಾಲೋ ಕೇಳವ್ವ” ಎಂದರು.

“ಹಿಂದಿನವು ಅಂತ ಹೇಳ್ರಿ ಅತ್ತೀ.”

“ಆಯ್ತು ಅಂತ ಹೇಳು.”

ಅಷ್ಟೇ. ಬೇರೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ರಜೆ ಸಿಗುತ್ತದೋ ಇಲ್ಲವೋ, ಜನ ಏನೆನ್ನುತ್ತಾರೋ, ಯಾವುದೂ ಇಲ್ಲ. ಮೂಲಂಗಿ ಪಲ್ಯ ಇವರಿಗೆ ಸೇರುತ್ತದೆ, ರಾತ್ರಿಗೆ ಮಾಡಿದೆ. ಹೇಗಿದ್ದರೂ ಮೂಲಂಗಿ ಬಾಡುತ್ತಿತ್ತು.

ಫೆಬ್ರವರಿ ೨, ಭಾನುವಾರ. ಇಪ್ಪತ್ತೊಂಬತ್ತೋ ಮೂವತ್ತೋ.

ಅಂಗಳದಲ್ಲಿ ತಾಲೀಮು. ಮುಂಗಾಲಿನವನು ಚಿಂಚೋಳಿಯಲ್ಲೇ ಇರುವುದರಿಂದ ಮುಂದೆ ನಾನೇ ನಿಂತೆ. ಇವರು ಹಿಂದೆ ನನ್ನ ಸೊಂಟ ಹಿಡಿದು ಬಗ್ಗಿದರು. ಎಡಗಾಲು ಮೊದಲೋ ಬಲಗಾಲು ಮೊದಲೋ ತಿಳಿಯದೆ ಇಬ್ಬರೂ ತುಳಸಿಕಟ್ಟೆಗೆ ಡಿಕ್ಕಿ ಹೊಡೆದೆವು. ಭಂಕೂರದಿಂದ ರವಿಕೆ ಒಯ್ಯಲು ಬಂದ ಬಸವೇಶ್ವರಿ ಬಾಗಿಲಲ್ಲೇ ನಿಂತು ನೋಡಿ, ಆಮೇಲೆ ಬರ್ತೀನಿ ಎಂದು ತಿರುಗಿ ಹೋದಳು.

ಅತ್ತೆ ಲೆಫ್ಟ್ ರೈಟ್ ಹೇಳಿಕೊಟ್ಟಳು. ಎಲ್ಲಿ ಕಲಿತಳೋ.

ಫೆಬ್ರವರಿ ೯, ಭಾನುವಾರ.

ಎಲ್ಲವನ್ನೂ ಬರೆಯಬೇಕು, ಬಿಟ್ಟರೆ ಮರೆಯುತ್ತದೆ.

ಶಹಾಬಾದದ ಮೊದಲ ಆಟ, ಮೂರು ಗಂಟೆಗೆ. ಅಡ್ಡಾದವರೆಲ್ಲ ಬಂದಿದ್ದರು. ಎಮ್ಮೆಯ ಹಿಂಗಾಲು ಯಾರದೆಂದು ಊರಿಗೇ ಗೊತ್ತಾಗಿತ್ತು. ಅತ್ತೆ ಮುಂದಿನ ಸಾಲಿನಲ್ಲಿ ನನ್ನ ಪಕ್ಕ.

ಜಟ್ಟೆಪ್ಪ ಹಾಡು ಎತ್ತಿದರು. ಎಮ್ಮೆ ರಟ್ಟಿನ ಗಿಡದ ಹಿಂದೆ ಕಾಯುತ್ತಿತ್ತು. ನಾಲ್ಕನೆಯ ಚರಣ ಮುಗಿದ ಮೇಲೆ ಅದು ಹೊರಗೆ ಬಂದು ಒಡೆಯನ ಕೈ ನೆಕ್ಕಬೇಕು. ಮೊದಲ ಚರಣ ಚೆನ್ನಾಗಿ ಬಂತು. ಎರಡನೆಯದರಲ್ಲಿ ಗಂಟಲು ಕಟ್ಟಿತು. ಮೂರನೆಯದನ್ನು ಕೆಮ್ಮುತ್ತ ಕೆಮ್ಮುತ್ತ ದಾಟಿಸಿದರು. ಜನ ಅದೂ ಅಭಿನಯವೆಂದು ನಕ್ಕರು. ನಾನು ಕುರ್ಚಿಯ ತುದಿಗೆ ಬಂದೆ.

ನಾಲ್ಕನೆಯ ಚರಣಕ್ಕೆ ಜಟ್ಟೆಪ್ಪ ಬಾಯಿ ತೆರೆದರು. ಗಾಳಿ ಬಂತು, ದನಿ ಬರಲಿಲ್ಲ. ಇನ್ನೊಮ್ಮೆ ತೆರೆದರು. ಪೇಟಿ ಮಾಸ್ತರರು ಅದೇ ಸ್ವರವನ್ನು ಮೂರು ಸಲ ಸುತ್ತಿಸಿದರು. ಜಟ್ಟೆಪ್ಪ ನನ್ನ ಕಡೆ ನೋಡಿ, ಕೈ ಮುಗಿದರು. ದೇವೀಂದ್ರಪ್ಪ ಪಕ್ಕದಿಂದ ಪರದೆ ಬಿಡಿ ಎಂದು ಕೈ ಮಾಡಿದ್ದು ಕಾಣಿಸಿತು. ಮುಗಿಯಿತು ಎಂದುಕೊಂಡೆ. ಎದೆ ಢಬ್ ಎಂದಿತು.

ಆಗ ಗಿಡದ ಹಿಂದೆ ಕಲ್ಲಿನ ಗಂಟೆಯ ಸದ್ದಾಯಿತು. ಠಣ್, ಠಣ್. ಎಮ್ಮೆ ಹೊರಗೆ ಬಂತು. ಮುಂಗಾಲು ಬರಲೊಲ್ಲದು, ಹಿಂಗಾಲು ದೂಡುತ್ತಿದೆ. ನಡುರಂಗಕ್ಕೆ ಬಂದು ನಿಂತು, ಎಮ್ಮೆಯ ಹಿಂಭಾಗ ಹಾಡತೊಡಗಿತು.

ಬೈದ ಬಾಯಿ ನಂದೇ ಗೌರಿ, ಹುಡುಕೊ ಕಾಲೂ ನಂದೇ...

ಇವರ ದನಿ. ಕಲ್ಲಿನ ಪುಡಿ ಕುಡಿದ ದನಿ, ಬಟ್ಟೆಯೊಳಗಿನಿಂದ. ಒಂದಕ್ಷರ ತಪ್ಪಲಿಲ್ಲ. ಕಳೆದುಹೋದ ಎಮ್ಮೆ ತನ್ನನ್ನು ತಾನೇ ಹುಡುಕುತ್ತ, ಬಾಲ ಅಲ್ಲಾಡಿಸುತ್ತ, ಕೊರಳಿಗೆ ಹಗ್ಗ ಕಟ್ಟಿಕೊಳ್ಳುತ್ತೇನೆ ಎನ್ನುತ್ತಿದೆ. ಮಂಡಪವೆಲ್ಲ ಬಿದ್ದು ಬಿದ್ದು ನಕ್ಕಿತು. ಜಟ್ಟೆಪ್ಪ ಜಾಣ ಮನುಷ್ಯ, ಎಮ್ಮೆಯ ಬಾಲ ಹಿಡಿದು ಕಣ್ಣೊರೆಸಿಕೊಂಡರು. ಅಡ್ಡಾದವರು ಎದ್ದು ನಿಂತು ವನ್ಸ್ ಮೋರ್ ಎಂದರು. ವನ್ಸ್ ಮೋರ್ ಎಂದರೆ ಹಾಡಲೇಬೇಕು, ಅದು ಕಂಪನಿಯ ರಿವಾಜು. ಮೂರು ಸಲ ಹಾಡಿದರು.

ನಾನು ಅಳಲು ಸೆರಗು ತೆಗೆದುಕೊಂಡೆ. ಅಳು ಬರಲಿಲ್ಲ. ನಗು ಬಂತು. ಅತ್ತೆಯ ಹೆಗಲಿಗೆ ತಲೆಯಿಟ್ಟು ಪಕ್ಕೆ ನೋಯುವಷ್ಟು ನಕ್ಕೆ.

ಆಟ ಮುಗಿದ ಮೇಲೆ ಹಿಂದೆ ಹೋದೆ. ಇವರು ಅರ್ಧ ಎಮ್ಮೆಯಿಂದ ಹೊರಗೆ ಬಂದು ಬೆವರು ಒರೆಸಿಕೊಳ್ಳುತ್ತಿದ್ದರು. ಸೊಂಟದ ಹೊಲಿಗೆ ಬಿಚ್ಚಲು ಕೂತೆ.

“ಅಷ್ಟು ಬರೋಬ್ಬರಿ ಹ್ಯಾಂಗ ಬಂತು ನಿಮಗ?” ಎಂದೆ.

“ನಂದೇ ಅಲಾ ಅದು.”

“ಏನು ನಿಮ್ದು?”

“ಆ ಚರಣ. ವಾಡಿ ಟೇಸನ್ದಾಗ ನೀ ಚಪ್ಪಲಿ ಕಿತ್ತಿತು ಅಂತ ಬೈಸ್ಕೊಂಡು, ಮಾರಿ ತಿರುವಿ ಕುಂತಿದ್ದಿ. ಬಾಳೆಹಣ್ಣು ಕೊಟ್ರ ಒಲ್ಲೆ ಅಂದಿ. ಎದುರಿಗಿ ಸಿಮಿಟಿನ ಮಾಲಗಾಡಿ ಹೊಂಟಿತ್ತು, ಮುಗೀವಲ್ದು. ಅದರ ಸಪ್ಪಳದಾಗ ಯಾರಿಗೂ ಕೇಳ್ಸಂಗಿಲ್ಲ ಅಂತ ನಾಟಕದ ಧಾಟಿಗೆ ಕಟ್ಟಿ ಅಂದೆ. ಮೊದಲಿನ ಸಲ ನೀ ಹೊಳ್ಳಿ ನೋಡಿದ್ದಿಲ್ಲ, ಎರಡನೇ ಸಲ ನೋಡಿದಿ.”

“ಹೇಳಬೇಕಿತ್ತಲ್ಲ ಮೊದಲೇ.”

“ದಿನಾ ಮಿಷನ್ ಮ್ಯಾಲ ಹಾಡಾಕತ್ತಿದ್ದಿ. ಗೊತ್ತದ ಅಂತ ಅನ್ಕೊಂಡಿದ್ದೆ.”

ಮಾಲಗಾಡಿ ನೆನಪಿದೆ. ಬಾಳೆಹಣ್ಣೂ ನೆನಪಿದೆ, ಒಂದು ಬದಿ ಕಪ್ಪಾಗಿತ್ತು. ಮಿಕ್ಕದ್ದು ನಾನು ಒಪ್ಪಿಲ್ಲ, ವಿಚಾರ ಮಾಡುತ್ತೇನೆ ಎಂದು ಹೇಳಿದೆ. ಹೊಲಿಗೆ ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಫೆಬ್ರವರಿ ೧೦, ಸೋಮವಾರ.

ವಿಚಾರ ಮಾಡಿದೆ. ಇವರದೇ.

ಫೆಬ್ರವರಿ ೧೨, ಬುಧವಾರ.

ಮಧ್ಯಾಹ್ನ ದೇವೀಂದ್ರಪ್ಪ ನಾಟಕದ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ಮನೆಗೆ ಬಂದರು. ಎಮ್ಮೆ ಹಾಡು ತೆಗೆಯುವುದಿಲ್ಲವಂತೆ. ಎರಡು ದಿನದಿಂದ ಜನ ‘ಹಾಡೋ ಎಮ್ಮಿ’ ಬೇಕೆಂದು ಗೇಟಿನಲ್ಲಿ ಜಗಳ ತೆಗೆದಿದ್ದಾರಂತೆ. ಭಾನುವಾರ ಭಾನುವಾರ ಇವರನ್ನು ಕಳಿಸಬೇಕು, ಮುಂದಿನ ಮೊಕ್ಕಾಂ ಚಿತ್ತಾಪುರ.

“ನಾಕನೇ ಚರಣ ಬರಕೊಂಡೀನಿ ಪುಸ್ತಕದಾಗ. ಕವಿ ಹೆಸರು ಏನಂತ ಬರೀಲಿರಿ?”

ಇವರು ಹೊಸ ಮಡಕೆಯೊಂದಕ್ಕೆ ಬಡಿಯುತ್ತ ಕುಳಿತಿದ್ದರು. ಕಿವಿ ಕೆಂಪಾಯಿತು. “ಹೆಸರ ಬ್ಯಾಡರಿ, ಅಡ್ಡಾದಾಗ ಚೇಷ್ಟಿ ಮಾಡ್ತಾರ” ಎಂದರು.

ನಾನು ಪುಸ್ತಕ ಕಸಿದುಕೊಂಡು ಅಳತೆ ಬರೆಯುವ ಪೆನ್ಸಿಲ್ಲಿನಿಂದ ಚರಣದ ಕೆಳಗೆ ಬರೆದೆ: ‘ಎಮ್ಮೆಯ ಹಿಂಗಾಲು, ಮೊಕ್ಕಾಂ ವಾಡಿ ಸ್ಟೇಷನ್.’

ದೇವೀಂದ್ರಪ್ಪ ಎರಡು ಸಲ ಓದಿ ಏನೂ ತಿಳಿಯದೆ ಹೋದರು. ಅತ್ತೆ, “ನನಗ ಈಗ ಮನ್ಯಾಗ ಕೆಲಸೇ ಇಲ್ಲದಂಗಾತು” ಎಂದು ಗೊಣಗುತ್ತ ಅಡಿಕೆ ಕುಟ್ಟಿದಳು. ಯಾಕೆ ಹಾಗಂದಳೋ ಗೊತ್ತಾಗಲಿಲ್ಲ.

ಚಿತ್ತಾಪುರಕ್ಕೆ ನಾನೂ ಹೋಗಬೇಕು. ಬಟ್ಟೆ ತೆಳ್ಳಗಿದೆ, ಬಗ್ಗುವಾಗ ಹರಿದರೆ ಹೊಲಿಯಲು ಯಾರಾದರೂ ಬೇಕಲ್ಲ. ಬರುವಾಗ ವಾಡಿಯಲ್ಲಿ ಇಳಿದು ಮುಂದಿನ ಗಾಡಿಗೆ ಹೋಗೋಣ, ಅವಸರವೇನಿದೆ ಎಂದೆ. ಇವರು ಹೂಂ ಅಂದರು, ಬಾಳೆಹಣ್ಣು ಮಾತ್ರ ಈ ಸಲ ಬಡಿದು ನೋಡಿ ತರುತ್ತೇನೆ ಎಂದರು.